ಎಲೆಯ ಗುರುತು

ಚರ್ಚಿನ ಅಟ್ಟಣಿಗೆಯಲ್ಲಿ, ಹಾಡಿನ ಮೂರನೆಯ ಸಾಲಿನ ನಡುವೆ, ಆರ್ಗನ್ನಿನ ದನಿ ಕುಸಿಯಿತು. ಸಂಗೀತದ ಟೀಚರಮ್ಮನ ಹತ್ತೂ ಬೆರಳುಗಳು ಕೀಲಿಗಳನ್ನು ಒತ್ತಿಕೊಂಡೇ ಇದ್ದವು. ಆದರೆ ತಲೆಯ ಮೇಲೆ ಸಾಲುಗಟ್ಟಿದ್ದ ಎತ್ತರದ ಕೊಳವೆಗಳಿಂದ ಹೊರಬಂದದ್ದು ಸ್ವರವಲ್ಲ, ನಿದ್ದೆಯಲ್ಲಿ ಯಾರೋ ಮಗ್ಗುಲು ಬದಲಿಸುತ್ತ ಬಿಟ್ಟ ನಿಟ್ಟುಸಿರಿನಂಥ ಬರೀ ಗಾಳಿ. ಕೆಳಗೆ ನಿಂತು ಹಾಡುತ್ತಿದ್ದವರು ಅರ್ಧ ಸಾಲು ಹಾಗೆಯೇ ಮುಂದೆ ಹೋಗಿ, ಸಂತೆಯಲ್ಲಿ ಕೈಹಿಡಿದವರನ್ನು ಕಳೆದುಕೊಂಡ ಮಕ್ಕಳಂತೆ ಒಬ್ಬೊಬ್ಬರಾಗಿ ನಿಂತುಬಿಟ್ಟರು. ಕ್ರಿಸ್‌ಮಸ್‌ಗೆ ಇನ್ನು ಒಂದೇ ದಿನ. ಬೆಳಗಿನ ಹತ್ತು ಗಂಟೆಯ ಬಿಸಿಲು ಬಣ್ಣದ ಗಾಜಿನಿಂದ ಇಳಿದು, ಖಾಲಿ ಬೆಂಚುಗಳ ಮೇಲೆ ಕೆಂಪು ನೀಲಿಯಾಗಿ ಬಿದ್ದಿತ್ತು.

"ತಿದಿ ಒತ್ತೋ ಮಹರಾಯ! ನಿದ್ದೆ ಹೋದೆಯಾ?" ಟೀಚರಮ್ಮ ತಿರುಗದೆಯೇ ಕೂಗಿದರು.

"ಒತ್ತುತ್ತಾನೇ ಇದೀನಿ ಟೀಚರಮ್ಮ," ಆರ್ಗನ್ನಿನ ಹಿಂದಿನಿಂದ ಗಂಟೆಯಣ್ಣನ ಏದುಸಿರಿನ ಉತ್ತರ ಬಂತು. "ಕಾಲು ಬಿದ್ದುಹೋಗೋ ಹಾಗೆ ಒತ್ತುತ್ತಾ ಇದೀನಿ. ಇದು ಉಬ್ಬುತ್ತಾನೇ ಇಲ್ಲ."

ಚರ್ಚಿನ ಗಂಟೆ ಹೊಡೆಯುವುದು, ನೆಲ ಗುಡಿಸುವುದು, ಆರ್ಗನ್ನಿಗೆ ಗಾಳಿ ತುಂಬುವ ತಿದಿಯನ್ನು ಕಾಲಿನಿಂದ ಒತ್ತುವುದು ಎಲ್ಲವೂ ಅವನದೇ ಕೆಲಸ. ನಲವತ್ತು ವರ್ಷದ ಹಿಂದೆ ಟೀಚರಮ್ಮನ ತರಗತಿಯಲ್ಲಿ ಶ್ರುತಿ ಸೇರದ ಹುಡುಗನೆಂದು ಹಿಂದಿನ ಬೆಂಚಿಗೆ ಹೋದವನು, ಅಂದಿನಿಂದಲೂ ಒಂದು ಬಗೆಯಲ್ಲಿ ಅಲ್ಲಿಯೇ ಕುಳಿತಿದ್ದಾನೆ.

ಟೀಚರಮ್ಮ ಎದ್ದರು. ಮಂಡಿಯ ನೋವನ್ನು ಒಂದು ಗೊಣಗಿನಲ್ಲಿ ನುಂಗಿಕೊಂಡು, ಆರ್ಗನ್ನಿನ ಪಕ್ಕದ ಮರದ ಬಾಗಿಲು ತೆರೆದು, ಕೈದೀಪ ಹಿಡಿದು ಬಗ್ಗಿದರು. ತಿದಿ ಅಲ್ಲಿ ಒಂದು ದೊಡ್ಡ ಪುಸ್ತಕದ ಹಾಗೆ ಮಲಗಿತ್ತು. ಮೇಲೊಂದು ಹಲಗೆ, ಕೆಳಗೊಂದು ಹಲಗೆ, ನಡುವೆ ಮಡಿಕೆ ಮಡಿಕೆಯಾದ ಚರ್ಮ. ನಾಲ್ಕು ಮೂಲೆಗಳಲ್ಲೂ ಆ ಚರ್ಮ ಒಣಗಿ, ಸುರುಟಿ, ಬಾಯಿ ಬಿಟ್ಟಿತ್ತು. ಬೆರಳಿನಿಂದ ಮುಟ್ಟಿದರೆ ಹಪ್ಪಳದಂತೆ ಮುರಿದು ಬಂತು. ಅದರ ಪಕ್ಕದಲ್ಲಿ, ಇರಬಾರದ ಜಾಗದಲ್ಲಿ, ಒಂದು ಪುಟ್ಟ ಇದ್ದಿಲ ಒಲೆ. ಒಲೆಯಲ್ಲಿ ಇನ್ನೂ ಬೆಚ್ಚಗಿದ್ದ ಬೂದಿ.

"ಇದನ್ನ ಇಲ್ಲಿ ಇಟ್ಟೋರು ಯಾರು?"

ಗಂಟೆಯಣ್ಣ ಕಾಲಿನಿಂದ ಒಲೆಯನ್ನು ಇನ್ನಷ್ಟು ಹಿಂದಕ್ಕೆ ತಳ್ಳಿದ. ಅವನ ಕಿವಿ ಕೆಂಪಾಗಿತ್ತು.

"ನಿನ್ನನ್ನೇ ಕೇಳ್ತಿರೋದು."

"ಚಳಿಗೆ ನಿಮ್ಮ ಬೆರಳು ಸೆಟೆದುಕೊಳ್ಳುತ್ತೆ ಅಂತ... ಎರಡು ವಾರದ ಹಿಂದೆ ನೀವು ಬಾರಿಸ್ತಾ ಬಾರಿಸ್ತಾ ಕೈ ಉಜ್ಜಿಕೊಂಡ್ರಿ. ನೋಡೋಕಾಗಲಿಲ್ಲ. ಎದುರಿಗೆ ಇಟ್ಟರೆ ಬೇಡ ಅಂತೀರಿ. ಅದಕ್ಕೇ ಹಿಂದೆ ಇಟ್ಟು, ನೀವು ಬರೋಕೆ ಮುಂಚೆ ಹಚ್ಚಿ, ಒಳಗಿಂದೊಳಗೇ ಬಿಸಿ ಬರಲಿ ಅಂತ..."

"ಎಷ್ಟು ದಿನದಿಂದ?"

"ಹತ್ತು ದಿನ."

ಟೀಚರಮ್ಮ ಬೈಯಲು ಬಾಯಿ ತೆರೆದರು. ಈ ಹತ್ತು ದಿನ ತಮ್ಮ ಬೆರಳುಗಳು ಯಾಕೆ ಹಗುರವಾಗಿದ್ದವೆಂದು ಆಗ ಅವರಿಗೆ ಹೊಳೆಯಿತು. ವಯಸ್ಸು ತಮ್ಮ ಮೇಲೆ ಕೊಂಚ ಕರುಣೆ ತೋರಿಸಿದೆ ಎಂದುಕೊಂಡಿದ್ದರು ಅವರು. ತೆರೆದ ಬಾಯನ್ನು ಹಾಗೆಯೇ ಮುಚ್ಚಿ, ಮುರಿದ ಚರ್ಮದ ಚೂರನ್ನು ಸೆರಗಿನ ತುದಿಯಲ್ಲಿ ಕಟ್ಟಿಕೊಂಡರು.

ಅಷ್ಟರಲ್ಲಿ ಚರ್ಚಿನ ಸಮಿತಿಯ ಕಾರ್ಯದರ್ಶಿ ಬಂದ. ಊರಿನ ದೊಡ್ಡ ಬೀದಿಯಲ್ಲಿ ಗಾಜಿನ ಮುಂಭಾಗದ ಚಪ್ಪಲಿ ಅಂಗಡಿ ಇದ್ದವನು. ಹೊಸ ಜೋಡಿನ ಪೆಟ್ಟಿಗೆಯ ವಾಸನೆ ಸದಾ ಅವನ ಜೊತೆಗೇ ನಡೆಯುತ್ತಿತ್ತು. ಇವತ್ತು ಅವನ ಕೈಯಲ್ಲಿ, ಆರ್ಗನ್ನು ಕೈಕೊಟ್ಟರೆ ಹಾಡು ಹಾಕಲೆಂದು, ಕಪ್ಪು ಸ್ಪೀಕರ್ ಡಬ್ಬವಿತ್ತು. ಸಂಗತಿ ಕೇಳಿ ನಿಧಾನವಾಗಿ ತಲೆಯಾಡಿಸಿದ.

"ನಾನೇನು ಇದರ ವೈರಿ ಅಲ್ಲ ಟೀಚರಮ್ಮ. ಆದರೆ ನೀವೇ ಹೇಳಿ, ಈಸ್ಟರಿಗೆ ಕೆಮ್ಮಿತು, ಮಳೆಗಾಲದಲ್ಲಿ ಮುಲುಕಿತು. ಮೊನ್ನೆ ಸಭೇಲಿ ಎಲ್ಲರೂ ಒಪ್ಪಿದ್ದು ಒಂದೇ ಮಾತಿಗೆ. ಕ್ರಿಸ್‌ಮಸ್ ದಿನ ಬೆಳಿಗ್ಗೆ ಹಾಡಿದರೆ ಇರುತ್ತೆ. ಹಾಡದಿದ್ದರೆ ಹೊಸ ವರ್ಷಕ್ಕೆ ಬಡಗಿ ಬಂದು ಬಿಚ್ಚುತ್ತಾನೆ. ಮರ ಚೆನ್ನಾಗಿದೆಯಂತೆ, ಬೀರು ಮಾಡಬಹುದಂತೆ."

"ಬೀರು," ಎಂದರು ಟೀಚರಮ್ಮ.

"ಎರಡು ಬೀರು," ಎಂದು ಅವನು ಸಮಾಧಾನ ಹೇಳುವವನಂತೆ ತಿದ್ದಿದ. ಸ್ಪೀಕರ್ ಡಬ್ಬವನ್ನು ಮೊದಲ ಬೆಂಚಿನ ಮೇಲಿಟ್ಟು, ಅಂಗಡಿಯ ಕಿಟಕಿ ಸಿಂಗರಿಸುವುದಿದೆಯೆಂದು ಹೊರಟುಹೋದ.

ಅವನು ಹೋದ ಮೇಲೆ ಉಳಿದ ಮೌನದಲ್ಲಿ ಹೊರಗಿನ ಸದ್ದೊಂದು ಕೇಳಿಸಿತು. ಟಕ್, ಟಕ್ ಟಕ್, ಟಕ್. ಎದುರಿನ ಕಟ್ಟಡದ ಮೆಟ್ಟಿಲ ಕೆಳಗೆ ಕೂತು ಜೋಡು ರಿಪೇರಿ ಮಾಡುವ ತೇಪೆ ಮಾಮನ ಸುತ್ತಿಗೆ. ಅವನ ನಿಜವಾದ ಹೆಸರು ಆ ಬೀದಿಯಲ್ಲಿ ಯಾರಿಗೂ ಬೇಕಾಗಿರಲಿಲ್ಲ. ಆ ಸುತ್ತಿಗೆಗೂ ಟೀಚರಮ್ಮನಿಗೂ ಇಪ್ಪತ್ತು ವರ್ಷದ ಜಗಳ. ಹಾಡಿನ ಅಭ್ಯಾಸದ ಹೊತ್ತಿಗೇ ಅವನು ಮೊಳೆ ಹೊಡೆಯುತ್ತಾನೆ, ಹೊಡೆದರೂ ಲಯಕ್ಕೆ ಹೊಡೆಯುವುದಿಲ್ಲ ಎಂದು ಅವರು ವಾರಕ್ಕೊಮ್ಮೆ ಗಂಟೆಯಣ್ಣನನ್ನು ಅಟ್ಟುತ್ತಿದ್ದರು. ಇವತ್ತು ತಾವೇ ಇಳಿದು ರಸ್ತೆ ದಾಟಿದರು.

ಬೀರುವಿನಷ್ಟೇ ಅಗಲದ ಜಾಗ. ಗೋಡೆಗೆ ನೇತುಹಾಕಿದ ಅಟ್ಟೆಗಳು, ಹಿಮ್ಮಡಿ ಕಳಚಿದ ಹೆಂಗಸರ ಚಪ್ಪಲಿಗಳು, ದಬ್ಬಳಗಳು, ಮೇಣ ಸವರಿದ ದಾರ. ತೇಪೆ ಮಾಮ ಹಳೆಯ ಮೊಳೆಯೊಂದನ್ನು ಕಲ್ಲಿನ ಮೇಲಿಟ್ಟು ತಟ್ಟಿ ನೆಟ್ಟಗೆ ಮಾಡುತ್ತಿದ್ದ. ಕಿತ್ತ ಮೊಳೆಯನ್ನೂ ಎಸೆಯದ ಜಿಪುಣ ಎಂದು ಬೀದಿಯೇ ಅವನನ್ನು ಆಡಿಕೊಳ್ಳುತ್ತಿತ್ತು. ಅವನ ಎಡಗಾಲಿನಲ್ಲಿ ಕಂದು ಬಣ್ಣದ ಜೋಡು, ಬಲಗಾಲಿನಲ್ಲಿ ಕಪ್ಪು. ಎರಡೂ ಗಿರಾಕಿಗಳು ಮರೆತು ಬಿಟ್ಟುಹೋದವು. ಕೇಳಿದರೆ, "ಎರಡೂ ಒಂದೇ ದಿಕ್ಕಿಗೆ ನಡೆಯುತ್ತವಲ್ಲ ಸ್ವಾಮಿ" ಎನ್ನುತ್ತಿದ್ದ.

"ಓಹೋ! ಸುತ್ತಿಗೆ ನಿಲ್ಲಿಸು ಅನ್ನೋಕೆ ಇವತ್ತು ಖುದ್ದಾಗಿ ಬಂದ್ರಾ ಟೀಚರಮ್ಮ? ಗಂಟೆಯಣ್ಣನ ಕಾಲಿಗೇನಾಯ್ತು?"

"ಅವನ ಕಾಲು ಸರಿಯಾಗೇ ಇದೆ. ಇದನ್ನ ನೋಡಿ," ಎಂದು ಅವರು ಸೆರಗು ಬಿಚ್ಚಿದರು.

ಅವನು ಚೂರನ್ನು ತೆಗೆದುಕೊಂಡು ಮೊದಲು ಮೂಸಿದ. ಆಮೇಲೆ ಕಿವಿಯ ಬಳಿ ಹಿಡಿದು ಬಗ್ಗಿಸಿ, ಅದು ಮುರಿಯುವ ಸದ್ದು ಕೇಳಿದ. ಮುಖದ ನಗೆ ಇಳಿಯಿತು.

"ಯಾರಿದನ್ನ ಹುರಿದಿದ್ದು?"

ಟೀಚರಮ್ಮ ನಡೆದದ್ದನ್ನೆಲ್ಲ ಹೇಳಿದರು. ಒಲೆಯ ಸಂಗತಿ ಬಂದಾಗ ಮಾತ್ರ, "ಅಲ್ಲೊಂದು ಒಲೆ ಇತ್ತು" ಎಂದರು, ಒಲೆ ತನ್ನಷ್ಟಕ್ಕೆ ನಡೆದು ಬಂದಿತ್ತೆಂಬಂತೆ. "ನಿಮ್ಮ ಹತ್ರ ಏನಾದರೂ ಸಿಗುತ್ತಾ?"

"ಅಟ್ಟೆಯ ಚರ್ಮ ಇದೆ. ಅದು ದಪ್ಪ, ಕಲ್ಲು. ಇದು ಮಡಚಬೇಕು, ಬಿಚ್ಚಬೇಕು, ಗಾಳಿ ಬಿಡಬಾರದು. ಇದಕ್ಕೆ ಎಳೆ ಮೇಕೆಯ ಚರ್ಮವೇ ಆಗಬೇಕು. ಚರ್ಮದ ಮಂಡಿಯವರು ನಿನ್ನೆಯೇ ಬಾಗಿಲು ಹಾಕಿ ಊರಿಗೆ ಹೋದರು." ಅವನು ಚೂರನ್ನು ಹಿಂದಕ್ಕೆ ಕೊಟ್ಟ. ತಲೆಯೆತ್ತದೆ ಹೇಳಿದ: "ನನ್ನ ಹತ್ರ ಇಲ್ಲ."

ಅವನ ಬೆನ್ನ ಹಿಂದಿನ ಹಲಗೆಯ ಮೇಲೆ, ಬಿಳಿ ಬಟ್ಟೆಯಲ್ಲಿ ಸುತ್ತಿದ ಗಂಟೊಂದು ಇತ್ತು. ಟೀಚರಮ್ಮನ ಕಣ್ಣು ಅತ್ತ ಹೋಯಿತು. ಹೋದದ್ದಕ್ಕೆ ತಾವೇ ನಾಚಿ ಕಣ್ಣು ಹಿಂತೆಗೆದರು. ಆ ಗಂಟಿನಲ್ಲಿ ಏನಿದೆಯೆಂದು ಬೀದಿಗೆಲ್ಲ ಗೊತ್ತಿತ್ತು. ಮಳೆಗಾಲದ ಒಂದು ಮಧ್ಯಾಹ್ನ ಚಪ್ಪಲಿ ಅಂಗಡಿಯ ಆ ಕಾರ್ಯದರ್ಶಿ ಇದೇ ಮೆಟ್ಟಿಲ ಬಳಿ ನಿಂತು, ತಮಾಷೆಗೋ ನಿಜಕ್ಕೋ, "ತೇಪೆ ಹಾಕೋದು ಬೇರೆ, ಜೋಡು ಮಾಡೋದು ಬೇರೆ ಮಾರಾಯ. ಪೂರ್ತಿ ಒಂದು ಜೊತೆ ನೀನೇ ಮಾಡಿ ತೋರಿಸು, ಕ್ರಿಸ್‌ಮಸ್‌ಗೆ ನನ್ನ ಗಾಜಿನ ಕಿಟಕಿ ನಡುಮಧ್ಯೆ ಇಡ್ತೀನಿ. ಆರ್ಡರ್ ಬಂದರೆ ನಿನ್ನದೇ" ಎಂದಿದ್ದ. ಅಂದಿನಿಂದ ತೇಪೆ ಮಾಮ ದಿನಕ್ಕೊಂದಿಷ್ಟು, ಗಿರಾಕಿ ಇಲ್ಲದ ಹೊತ್ತಿನಲ್ಲಿ, ಎಳೆ ಮೇಕೆಯ ಚರ್ಮದಲ್ಲಿ ಕಣಕಾಲು ಮುಚ್ಚುವ ಒಂದು ಜೊತೆ ಬೂಟು ಹೊಲಿಯುತ್ತಿದ್ದ. ಇವತ್ತು ಸಂಜೆ ಅದು ಕಿಟಕಿಗೆ ಹೋಗಬೇಕಿತ್ತು.

"ಇರಲಿ ಬಿಡಿ," ಎಂದು ಟೀಚರಮ್ಮ ರಸ್ತೆ ದಾಟಿ ಹಿಂದಿರುಗಿದರು. ಕೇಳಬಾರದ್ದನ್ನು ಕೇಳದೆ ಬಂದೆನೆಂಬ ಸಮಾಧಾನವಷ್ಟೇ ಅವರ ಕೈಯಲ್ಲಿ ಉಳಿದಿತ್ತು. ಹಾಡುವವರನ್ನು ಮನೆಗೆ ಕಳಿಸಿದರು. ಆರ್ಗನ್ನಿನ ಮುಂದೆ ಕುಳಿತು, ಗಾಳಿಯಿಲ್ಲದ ಕೀಲಿಗಳ ಮೇಲೆ ನಾಳೆಯ ಹಾಡನ್ನು ಸುಮ್ಮನೆ ಬೆರಳಿನಿಂದ ನುಡಿಸಿದರು. ಮರ ಮರಕ್ಕೆ ತಗಲುವ ಸಣ್ಣ ಸದ್ದು ಬಿಟ್ಟು ಬೇರೇನೂ ಕೇಳಲಿಲ್ಲ. ಹೊರಗೆ ಸುತ್ತಿಗೆಯೂ ನಿಂತಿತ್ತು. ಇಪ್ಪತ್ತು ವರ್ಷ ತಾವು ಬೇಡಿದ ಆ ಮೌನ ಈಗ ಸಿಕ್ಕಾಗ ಅದು ಎಂಥ ಭಾರದ ವಸ್ತುವೆಂದು ಅವರಿಗೆ ತಿಳಿಯಿತು.

ಮರದ ಮೆಟ್ಟಿಲು ಕಿರುಗುಟ್ಟಿತು. ಒಂದು ಕಂದು ಜೋಡು, ಒಂದು ಕಪ್ಪು ಜೋಡು ಮೇಲೆ ಬಂದವು.

"ಇಪ್ಪತ್ತು ವರ್ಷದಿಂದ ಬೈಸಿಕೊಂಡಿದೀನಿ, ಬೈಯೋ ಪೆಟ್ಟಿಗೆ ಹೇಗಿದೆ ಅಂತ ಒಂದ್ಸಲ ನೋಡೋಣ ಅನ್ನಿಸ್ತು," ಎಂದ ತೇಪೆ ಮಾಮ. ಕಂಕುಳಲ್ಲಿ ಬಿಳಿ ಬಟ್ಟೆಯ ಗಂಟು, ಕೈಯಲ್ಲಿ ಉಪಕರಣಗಳ ಚೀಲ. "ದೀಪ ಹಿಡಿಯೋ ಗಂಟೆಯಣ್ಣ. ಹಾಗೆ ಅಳುಮುಖ ಮಾಡಿ ನಿಲ್ಲಬೇಡ, ದೀಪದ ಎಣ್ಣೆ ಸುಮ್ಮನೆ ಖರ್ಚಾಗುತ್ತೆ."

ಅವನು ಮೊಣಕಾಲೂರಿ ತಿದಿಯ ನಾಲ್ಕೂ ಮೂಲೆಗಳನ್ನು ಗೇಣಿನಿಂದ ಅಳೆದ. ಎದ್ದು ಬಂದು ಗಂಟನ್ನು ಬೆಂಚಿನ ಮೇಲಿಟ್ಟು ಬಿಚ್ಚಿದ. ಟೀಚರಮ್ಮ ಮೊದಲ ಬಾರಿಗೆ ಆ ಬೂಟುಗಳನ್ನು ಕಂಡರು. ಒಣಗಿದ ಖರ್ಜೂರದ ಬಣ್ಣ. ಹೊಲಿಗೆ ಎಷ್ಟು ಸಣ್ಣದೆಂದರೆ ಇರುವೆಯ ಸಾಲೊಂದು ಚರ್ಮದ ಮೇಲೆ ಹರಿದು ಅಲ್ಲಿಯೇ ನಿಂತಂತಿತ್ತು. ಯಾರೂ ಇನ್ನೂ ತೊಡದ ಆ ಜೋಡಿನೊಳಗೆ ಎರಡು ಪಾದಗಳ ಆಕಾರ ಆಗಲೇ ಬಂದು ಕೂತು ಕಾಯುತ್ತಿತ್ತು.

"ಬೇಡ," ಎಂದರು ಅವರು. "ಇದನ್ನ ನಾನು ಕೇಳಲಿಲ್ಲ. ಕೇಳೋದೂ ಇಲ್ಲ."

"ಅದಕ್ಕೇ ತಂದೆ. ಕೇಳಿದ್ರೆ ಕೊಡ್ತಿರಲಿಲ್ಲ. ನನ್ನ ಜಿಪುಣತನ ನಿಮಗೆ ಗೊತ್ತಿಲ್ವಾ?"

"ತಮಾಷೆ ಸಾಕು. ಸಂಜೆ ಇದು ಕಿಟಕಿಗೆ ಹೋಗಬೇಕು. ಆರು ತಿಂಗಳ ಕೆಲಸ."

"ಕಿಟಕಿಯಲ್ಲಿ ಇಟ್ಟರೆ ಜನ ನೋಡ್ತಾರೆ ಟೀಚರಮ್ಮ. ನೋಡಿ ಹೋಗ್ತಾರೆ." ಅವನು ಚೀಲದಿಂದ ಸಣ್ಣ ಚಾಕು ತೆಗೆದು, ಹೆಬ್ಬೆರಳಿನ ಮೇಲೆ ಅದರ ಹರಿತ ನೋಡಿದ. ಆಮೇಲೆ ಬೇರೆ ದನಿಯಲ್ಲಿ ಹೇಳಿದ: "ನನ್ನ ಸುತ್ತಿಗೆ ಲಯಕ್ಕೆ ಬೀಳಲ್ಲ ಅಂತೀರಲ್ಲ, ನಿಜ. ಯಾಕೆ ಗೊತ್ತಾ? ನಿಮ್ಮ ಹಾಡು ಶುರುವಾದ ಕೂಡಲೇ ಕೈ ತಡವರಿಸುತ್ತೆ. ಹೊಡೀಲೋ ಕೇಳಲೋ ಗೊತ್ತಾಗಲ್ಲ. ಮನೇಲಿ ರೇಡಿಯೋ ಇಲ್ಲ, ಏನಿಲ್ಲ. ಈ ಪೆಟ್ಟಿಗೆ ಬೀರು ಆಗಿಬಿಟ್ಟರೆ ನಾನು ದಿನವಿಡೀ ಏನು ಕೇಳ್ತಾ ಕೂರಲಿ, ನನ್ನದೇ ಟಕ್ ಟಕ್ಕಾ?"

ಚಾಕುವಿನ ತುದಿ ಮೊದಲ ಹೊಲಿಗೆಯ ಕೆಳಗೆ ನುಗ್ಗಿತು. ಟಪ್. ಒಂದು ಎಳೆ ತುಂಡಾಯಿತು. ಗಂಟೆಯಣ್ಣ ಮುಖ ಆಚೆ ತಿರುಗಿಸಿದ.

ಹೊಲಿಗೆ ಹಾಕುವುದಕ್ಕಿಂತ ಬಿಚ್ಚುವುದು ಸುಲಭವೆಂದು ತಿಳಿದವರು ತೇಪೆ ಮಾಮನ ಕೈಯನ್ನು ಅವತ್ತು ನೋಡಿಲ್ಲ. ಆರು ತಿಂಗಳು ಹಾಕಿದ ಅಷ್ಟನ್ನೂ ಅವನು ಅಷ್ಟೇ ಒಪ್ಪವಾಗಿ, ಚರ್ಮಕ್ಕೆ ಒಂದು ಗೀರೂ ಬೀಳದಂತೆ ಬಿಚ್ಚಿದ. ಬಿಡಿಸಿದ ದಾರವನ್ನು ಎಂದಿನಂತೆ ಸುತ್ತಿ ಜೇಬಿಗೆ ಹಾಕಿಕೊಂಡ. ಹೊಲಿಗೆಯ ತೂತುಗಳಿದ್ದ ಅಂಚನ್ನೆಲ್ಲ ಕತ್ತರಿಸಿ ತೆಗೆಯಬೇಕಾಯಿತು, ಒಂದು ತೂತು ಸಾಕು ಗಾಳಿ ಓಡಿಹೋಗಲು. ಹಾಗೆ ಕತ್ತರಿಸಿದಾಗ ಮೂರು ಮೂಲೆಗಳಿಗೆ ಚರ್ಮ ಒದಗಿತು. ನಾಲ್ಕನೆಯದಕ್ಕೆ ಉಳಿದದ್ದು ಎಡ ಬೂಟಿನ ಹಿಮ್ಮಡಿಯ ಭಾಗವೊಂದೇ. ಅದರ ನಡುವೆ, ಹೆಬ್ಬೆರಳ ಉಗುರಿನಷ್ಟು ದೊಡ್ಡದಾದ ಒಂದು ಎಲೆಯ ಅಚ್ಚು ಮೂಡಿತ್ತು. ನಡುನರ, ಎರಡು ಕಡೆಗೂ ಐದೈದು ಎಳೆ ನರ.

"ಇದೇನು?" ಟೀಚರಮ್ಮ ಕೇಳಿದರು.

"ನನ್ನ ಗುರುತು. ಕೆಲಸ ಕಲಿತ ವರ್ಷ ನಮ್ಮಪ್ಪ ಹಿತ್ತಾಳೆಯಲ್ಲಿ ಅಚ್ಚು ಕೊರೆದುಕೊಟ್ಟಿದ್ದು. ಜೋಡು ಮಾಡಿದವನು ತನ್ನ ಗುರುತು ಒತ್ತಬಹುದು. ರಿಪೇರಿ ಮಾಡಿದವನು ಒತ್ತೋ ಹಾಗಿಲ್ಲ, ಅದು ಇನ್ನೊಬ್ಬರ ಕೆಲಸ ತಾನೆ. ಮೂವತ್ತೆರಡು ವರ್ಷ ಡಬ್ಬಿಯಲ್ಲೇ ಇತ್ತು." ಅವನು ಚಾಕುವನ್ನು ಅಡ್ಡ ಹಿಡಿದು ಎಲೆಯ ಮೇಲೆ ಇಟ್ಟ. "ಇದೂ ರಿಪೇರಿಯೇ. ಕೆರೆದುಬಿಡ್ತೀನಿ. ಚರ್ಮ ಸ್ವಲ್ಪ ತೆಳ್ಳಗಾಗುತ್ತೆ, ತಡೆದುಕೊಳ್ಳುತ್ತೆ."

ಟೀಚರಮ್ಮ ಅವನ ಮಣಿಕಟ್ಟು ಹಿಡಿದುಕೊಂಡರು. ಇಪ್ಪತ್ತು ವರ್ಷದಲ್ಲಿ ಅವರು ಒಬ್ಬರನ್ನೊಬ್ಬರು ಮುಟ್ಟಿದ್ದು ಅದೇ ಮೊದಲು. ಗಂಟು ಗಂಟಾದ ಅವರ ಬೆರಳುಗಳಲ್ಲಿ ಕೀಲಿ ಒತ್ತುವವರ ಬಿಗಿ ಇನ್ನೂ ಇತ್ತು.

"ಕೆರೆಯಬೇಡಿ."

"ನಿಯಮ ಟೀಚರಮ್ಮ..."

"ನನಗೂ ನಿಯಮ ಗೊತ್ತು. ಅರ್ಧ ಶತಮಾನ ಅದನ್ನೇ ಕಲಿಸಿದ್ದು. ಎಲೆ ಇರಲಿ. ಹೊರಮುಖವಾಗಿ ಇರಲಿ."

ಅವನು ಅವರನ್ನು ನೋಡಿದ. ಆಮೇಲೆ ಚರ್ಮವನ್ನು ನೋಡಿದ. ಚಾಕು ಚೀಲಕ್ಕೆ ಹೋಯಿತು.

ಅಂಟು ಕಾಯಿಸಲು ಬೆಂಕಿ ಬೇಕಾಯಿತು. ಗಂಟೆಯಣ್ಣ ಅಪರಾಧಿಯಂತೆ ಅದೇ ಪುಟ್ಟ ಒಲೆಯನ್ನು ತಂದು, ಈ ಸಲ ಕೇಳಿ, ದೂರದ ಮೂಲೆಯಲ್ಲಿಟ್ಟು ಹಚ್ಚಿದ. ಮಧ್ಯಾಹ್ನವೆಲ್ಲ ಮೂವರೂ ತಿದಿಯ ಸುತ್ತ ಮಂಡಿಯೂರಿದ್ದರು. ಟೀಚರಮ್ಮ ಚರ್ಮವನ್ನು ಎಳೆದು ಹಿಡಿದರು, ತೇಪೆ ಮಾಮ ಅಂಟು ಸವರಿ ಮಡಿಕೆಗೆ ಮಡಿಕೆ ಕೂರಿಸಿದ, ಗಂಟೆಯಣ್ಣ ದೀಪವನ್ನೂ ಉಸಿರನ್ನೂ ಹಿಡಿದ. ಬಣ್ಣದ ಗಾಜಿನ ಬೆಳಕು ಬೆಂಚಿನಿಂದ ಬೆಂಚಿಗೆ ಸರಿಯುತ್ತ ಕೊನೆಯ ಸಾಲು ತಲುಪಿ ಆರಿತು.

"ಬೆಳಗಿನವರೆಗೆ ಯಾರೂ ಇದನ್ನ ಮುಟ್ಟೋ ಹಾಗಿಲ್ಲ," ಎಂದು ತೇಪೆ ಮಾಮ ಏಳುತ್ತ ಹೇಳಿದ. "ಪರೀಕ್ಷೆ ಅಂತ ಒಂದು ಸಲ ಒತ್ತಿದ್ರೂ ಅಂಟು ಬಿಡುತ್ತೆ. ನಾಳೆ ಮೊದಲ ಹಾಡಿಗೇ ಒತ್ತಬೇಕು. ಬಂದರೆ ಬಂತು."

"ಬರದಿದ್ದರೆ?" ಗಂಟೆಯಣ್ಣ ಕೇಳಿದ.

"ಎರಡು ಬೀರು," ಎಂದರು ಟೀಚರಮ್ಮ.

ಮರುದಿನ ಬೆಳಿಗ್ಗೆ ಚರ್ಚಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಹೊಸ ಬಟ್ಟೆಯ ಸರಭರ, ಮಕ್ಕಳ ಪಿಸುಮಾತು, ಮೇಣದ ಬತ್ತಿಗಳ ಬಿಸಿ ವಾಸನೆ ಮೇಲಿನ ಅಟ್ಟಣಿಗೆಯವರೆಗೂ ಏರಿ ಬರುತ್ತಿತ್ತು. ಮೊದಲ ಬೆಂಚಿನ ತುದಿಯಲ್ಲಿ ಕಾರ್ಯದರ್ಶಿ ಕುಳಿತಿದ್ದ. ಕಪ್ಪು ಡಬ್ಬ ಅವನ ಪಕ್ಕದಲ್ಲಿ. ಹೆಬ್ಬೆರಳು ಅದರ ಗುಂಡಿಯ ಹತ್ತಿರ. ಟೀಚರಮ್ಮ ಆರ್ಗನ್ನಿನ ಮುಂದೆ ಕುಳಿತು ಅಂಗೈ ಉಜ್ಜಿಕೊಂಡರು. ಬೆರಳುಗಳು ತಣ್ಣಗಿದ್ದವು, ಒಲೆ ಇವತ್ತು ಇರಲಿಲ್ಲ.

ತಿದಿಯ ಬಳಿ ದೀಪ ಹಿಡಿದು ಗಂಟೆಯಣ್ಣ ನಿಂತಿದ್ದ. ತೇಪೆ ಮಾಮ ಅವನನ್ನು ಮೆಲ್ಲನೆ ಪಕ್ಕಕ್ಕೆ ಸರಿಸಿದ.

"ನಿನ್ನ ಕಾಲು ಗಂಟೆಯ ಹಗ್ಗದ ಹಾಗೆ ಜಗ್ಗುತ್ತೆ ಕಣೋ. ಹೊಸ ಚರ್ಮ ಇದು, ಪಳಗಬೇಕು. ಇವತ್ತೊಂದು ದಿನ ನಾನು ಒತ್ತುತ್ತೀನಿ."

ಕಂದು ಜೋಡು, ಕಪ್ಪು ಜೋಡು ಎರಡನ್ನೂ ಕಳಚಿಟ್ಟು, ಬರಿಗಾಲಿನಲ್ಲಿ ಅವನು ಮೆಟ್ಟುಹಲಗೆಯ ಮೇಲೆ ನಿಂತ. ಪಾದ್ರಿ ಕೈಯೆತ್ತಿದರು. ಕೆಳಗೆ ಜನವೆಲ್ಲ ಎದ್ದು ನಿಂತ ಸದ್ದಾಯಿತು. ತೇಪೆ ಮಾಮ ಹಿಮ್ಮಡಿಯನ್ನು ನಿಧಾನವಾಗಿ, ಮಲಗಿದ ಮಗುವಿನ ತೊಟ್ಟಿಲು ತೂಗುವವನಂತೆ, ಒತ್ತಿದ. ಹಲಗೆ ಕೆಳಗೆ ಹೋಯಿತು. ಮೇಲೆ ಬಂತು. ಮತ್ತೆ ಹೋಯಿತು. ತಿದಿಯ ಮೇಲ್ಹಲಗೆ ಅಲುಗಿತೋ ಇಲ್ಲವೋ ಎಂಬಂತೆ ಅಲುಗಿ, ಒಂದು ಅಂಗುಲ ಏರಿತು, ಎರಡು ಅಂಗುಲ, ಒಂದು ಗೇಣು. ಗಂಟೆಯಣ್ಣ ಕಿವಿಗೊಟ್ಟ. ಸೋರುವ ಸದ್ದಿಲ್ಲ.

ಟೀಚರಮ್ಮ ಅತ್ಯಂತ ಕೆಳಗಿನ ಕೀಲಿಯನ್ನು ಒತ್ತಿದರು.

ಮೊದಲು ಬೆಂಚುಗಳು ನಡುಗಿದವು. ಆಮೇಲೆ ಜನರಿಗೆ ಅದು ಸ್ವರವೆಂದು ತಿಳಿಯಿತು. ನೆಲದಡಿಯಿಂದ ಎದ್ದ ಆ ಒಂದು ನಾದ ಗೋಡೆ ಹಿಡಿದು ಏರಿ, ಗಾಜನ್ನು ನಡುಗಿಸಿ, ಮುಂದಿನ ಸ್ವರವನ್ನು ಕೈಹಿಡಿದು ಕರೆದುಕೊಂಡು ಬಂತು. ಹತ್ತೂ ಬೆರಳು ಇಳಿದವು. ಹಲವು ವರ್ಷಗಳಿಂದ ಒಣಗುತ್ತ, ಕೆಮ್ಮುತ್ತ ಬಂದಿದ್ದ ಆರ್ಗನ್ನು ಇಷ್ಟೊಂದು ಗಾಳಿಯನ್ನು ಎಂದೂ ಕಂಡಿರಲಿಲ್ಲ. ಮೂಲೆಯ ಪುಟ್ಟ ಕೊಳವೆಗಳು, ಎಷ್ಟೋ ಕಾಲದಿಂದ ಮೂಕವಾಗಿದ್ದವು ಸಹ, ಬೆಚ್ಚಿ ಎಚ್ಚರಗೊಂಡು ಹಾಡಿದವು. ಕೆಳಗೆ ಹಾಡಲೆಂದು ಬಂದಿರದವರೂ ಹಾಡತೊಡಗಿದರು. ಗಂಟೆಯಣ್ಣ, ಶ್ರುತಿ ಸೇರದವನು, ಬಾಯ್ತುಂಬ ಹಾಡಿದ. ಟೀಚರಮ್ಮ ಅದನ್ನು ಕೇಳಿಯೂ ಸುಮ್ಮನಿದ್ದರು.

ಎರಡನೆಯ ಚರಣದ ಹೊತ್ತಿಗೆ ಕಾರ್ಯದರ್ಶಿ ಮೆಟ್ಟಿಲು ಹತ್ತಿ ಮೇಲೆ ಬಂದ. ಬರಿಗಾಲಿನಲ್ಲಿ ತಿದಿ ಒತ್ತುತ್ತಿದ್ದವನನ್ನು ನೋಡಿ ಹುಬ್ಬು ಗಂಟಿಕ್ಕಿದ.

"ನೀನು ಇಲ್ಲಿದೀಯಾ? ನಿನ್ನೆ ಸಂಜೆ ಕಿಟಕಿ ನಡುವೆ ಜಾಗ ಖಾಲಿ ಬಿಟ್ಟುಕೊಂಡು ಕಾದೆ ಮಾರಾಯ. ಎಲ್ಲಿ ನಿನ್ನ ಬೂಟು?"

"ಹಾಡ್ತಾ ಇವೆ," ಎಂದ ತೇಪೆ ಮಾಮ, ಲಯ ತಪ್ಪದೆ. "ಕೇಳಿ."

ಕಾರ್ಯದರ್ಶಿ ಗಂಟೆಯಣ್ಣನ ಕೈಯಿಂದ ದೀಪ ತೆಗೆದುಕೊಂಡು ಬಗ್ಗಿದ. ಚರ್ಮ ನೋಡಿ ಬದುಕಿದವನು. ಒಂದೊಂದೇ ಮೂಲೆಗೆ ದೀಪ ಹಿಡಿದು, ಅಂಚು ಕೂತ ಬಗೆಯನ್ನು, ಮಡಿಕೆ ತಿರುಗಿದ ಬಗೆಯನ್ನು ಹೆಬ್ಬೆರಳಿನಿಂದ ಸವರಿ ನೋಡಿದ. ನಾಲ್ಕನೆಯ ಮೂಲೆಯಲ್ಲಿ ಬಹಳ ಹೊತ್ತು ನಿಂತ. ಎದ್ದು, ಹೊಸ ಬೂಟು ತೊಟ್ಟ ತನ್ನ ಬಲಗಾಲನ್ನು ಮುಂದಕ್ಕೆ ಚಾಚಿದ.

"ನಾಳೆ ಅಂಗಡಿಗೆ ಬಾ. ಮೊದಲು ನನ್ನ ಕಾಲಿನ ಅಳತೆ ತಗೋ."

"ಅಳತೆ ಯಾಕೆ ಸ್ವಾಮಿ? ಇಪ್ಪತ್ತು ವರ್ಷದಿಂದ ಆ ಮೆಟ್ಟಿಲ ಕೆಳಗೆ ಕೂತು ನಿಮ್ಮ ನಡಿಗೆ ನೋಡಿದೀನಿ. ಬಲಗಾಲು ಒಳಕ್ಕೆ ತುಳೀತೀರಿ. ನಿಮ್ಮ ಅಂಗಡಿಯ ಯಾವ ಜೋಡೂ ನಿಮಗೆ ಸರಿಯಾಗಿಲ್ಲ."

ಕಾರ್ಯದರ್ಶಿಯ ನಗು ಆರ್ಗನ್ನಿನ ಸದ್ದಿನಲ್ಲಿ ಯಾರಿಗೂ ಕೇಳಲಿಲ್ಲ. ಅವನು ದೀಪವನ್ನು ಗಂಟೆಯಣ್ಣನಿಗೆ ಕೊಟ್ಟು ಕೆಳಗಿಳಿದು, ಮೊದಲ ಬೆಂಚಿನ ಮೇಲಿನ ಕಪ್ಪು ಡಬ್ಬವನ್ನು ಎತ್ತಿಕೊಂಡು ಹೋಗಿ ಬಾಗಿಲ ಹೊರಗಿಟ್ಟು, ಬರಿಗೈಯಲ್ಲಿ ಹಿಂದಿರುಗಿ ಎಲ್ಲರ ಜೊತೆ ನಿಂತ.

ಕೊನೆಯ ಚರಣ ಬಂತು. ಟೀಚರಮ್ಮ ತಲೆಯನ್ನು ಸ್ವಲ್ಪವೇ ಓರೆಮಾಡಿದರು. ತೆರೆದೇ ಇದ್ದ ಮರದ ಬಾಗಿಲಿನಿಂದ ತಿದಿಯ ಒಂದು ಮೂಲೆ ಅವರಿಗೆ ಕಾಣುತ್ತಿತ್ತು. ಬರಿಗಾಲು ಒತ್ತಿದಾಗ ಮಡಿಕೆ ಬಿಚ್ಚುತ್ತಿತ್ತು, ಬಿಚ್ಚಿದ ಮಡಿಕೆಯ ನಡುವೆ ಆ ಪುಟ್ಟ ಎಲೆ ಮೈ ಹರಡಿಕೊಂಡು ದೀಪದ ಬೆಳಕಿಗೆ ಬರುತ್ತಿತ್ತು, ಗಾಳಿ ಸ್ವರವಾಗಿ ಹೊರಟುಹೋದಂತೆ ಮೆಲ್ಲನೆ ಮಡಚಿಕೊಳ್ಳುತ್ತಿತ್ತು, ಮತ್ತೆ ಅರಳುತ್ತಿತ್ತು.